ತುಟಿಯಕ್ಕ ಮಾಡಿದ ದಪ್ಪ ಕವರು

ನಮ್ಮ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ತುಟಿಯಕ್ಕ ಎನ್ನುತ್ತಾರೆ. ಅವಳ ತುಟಿಯಲ್ಲಿ ಅಂಥ ವಿಶೇಷವೇನೂ ಇಲ್ಲ, ಚಳಿಗೆ ಎಲ್ಲರ ಹಾಗೆ ಒಡೆಯುತ್ತದೆ ಅಷ್ಟೆ. ನಾವು ಮಾಡುವುದು ಫೋನಿನ ಬೆನ್ನಿಗೆ ಹಾಕುವ ರಬ್ಬರಿನ ಕವರು. ಅದರಲ್ಲಿ ಕ್ಯಾಮೆರಾಗೆ ಒಂದು ಕಿಂಡಿ ಇರುತ್ತದಲ್ಲ, ಆ ಕಿಂಡಿಯ ಸುತ್ತ ಒಂಚೂರು ಎದ್ದು ನಿಂತ ಅಂಚಿಗೆ ನಮ್ಮಲ್ಲಿ ತುಟಿ ಎಂದು ಹೆಸರು. ಫೋನನ್ನು ಮೇಜಿನ ಮೇಲೆ ಇಟ್ಟಾಗ ಮೇಜಿಗೆ ತಾಗಬೇಕಾದದ್ದು ತುಟಿ, ಕ್ಯಾಮೆರಾದ ಗಾಜಲ್ಲ. ಗೀರು ಬಿದ್ದರೆ ರಬ್ಬರಿಗೆ ಬೀಳಲಿ. ಹೊಸ ಫೋನು ಬಂದಾಗಲೆಲ್ಲ ಅದರ ತುಟಿ ಎಷ್ಟು ಏಳಬೇಕು ಎಂದು ಮೊದಲ ಮಾದರಿಯನ್ನು ಕೈಯಾರೆ ಮಾಡಿಕೊಡುವವಳು ಇವಳು. ಆಮೇಲೆ ಅಚ್ಚಿನವರು ಅಚ್ಚು ಕೊರೆಯುತ್ತಾರೆ, ಯಂತ್ರದವರು ಒತ್ತುತ್ತಾರೆ, ನನ್ನಂಥವರು ಕತ್ತರಿ ಹಿಡಿದು ಅಂಚಿನ ಹೆಚ್ಚುವರಿ ರಬ್ಬರು ಕತ್ತರಿಸುತ್ತ ಬೆನ್ನು ಬಾಗಿಸಿಕೊಳ್ಳುತ್ತೇವೆ.

ಅವಳು ಕೆಲಸಕ್ಕೆ ಸೇರಿದ ಕಾಲದಲ್ಲಿ ಫೋನಿನ ಬೆನ್ನು ಹಲಗೆಯ ಹಾಗೆ ಚಪ್ಪಟೆಯಾಗಿತ್ತಂತೆ. ಕ್ಯಾಮೆರಾ ಎಂದರೆ ಅಂಗಿಯ ಗುಂಡಿಯಷ್ಟು ಒಂದು ಕಣ್ಣು, ಕವರಿನಲ್ಲಿ ಅದಕ್ಕೊಂದು ತೂತು, ಮುಗಿಯಿತು. ತುಟಿ ಗಿಟಿ ಯಾವುದೂ ಇರಲಿಲ್ಲ. ಆಮೇಲೆ ಜನಕ್ಕೆ ಅದೇನು ಹುಚ್ಚು ಹಿಡಿಯಿತೋ, ಫೋನು ತೆಳ್ಳಗೆ ಬೇಕು, ಫೋಟೋ ಮಾತ್ರ ಮದುವೆಮನೆಯ ಫೋಟೋಗ್ರಾಫರ್ ತೆಗೆದ ಹಾಗೆ ಬೇಕು. ನಮ್ಮ ಯಜಮಾನರು ಒಮ್ಮೆ ಚಹಾದ ಹೊತ್ತಿನಲ್ಲಿ ಬಿಚ್ಚಿದ ಫೋನೊಂದನ್ನು ಮುಂದಿಟ್ಟುಕೊಂಡು ನಮಗೆಲ್ಲ ಪಾಠ ಮಾಡಿದ್ದರು.

"ನೋಡಿ, ಬೆಳಕು ಬಂದು ಬೀಳೋ ಈ ಚೌಕದ ಚೂರು ದೊಡ್ಡದಾದಷ್ಟೂ ಫೋಟೋ ಚೆನ್ನಾಗಿ ಬರುತ್ತೆ. ಅದು ದೊಡ್ಡದಾಯ್ತು ಅಂದ್ರೆ ಮುಂದಿನ ಗಾಜು ಅದರಿಂದ ಇನ್ನಷ್ಟು ದೂರ ನಿಲ್ಲಬೇಕು. ಆ ದೂರನ ಎಲ್ಲಿಂದ ತರ್ತೀರಿ? ಒಳಗೆ ಜಾಗ ಇಲ್ಲ. ಹೊರಗೆ ಉಬ್ಬಲೇಬೇಕು."

"ಹಾಗಾದ್ರೆ ಫೋನನ್ನೇ ಅಷ್ಟು ದಪ್ಪ ಮಾಡಬಹುದಲ್ಲ? ಬ್ಯಾಟರಿನಾದ್ರೂ ದೊಡ್ಡದು ಹಾಕಬಹುದು," ಎಂದೆ ನಾನು.

"ಮಾಡಬಹುದಮ್ಮ. ಅಂಗಡೀಲಿ ಕೈಗೆ ತಗೊಂಡವನು, ಇದೇನು ಇಟ್ಟಿಗೆ ಅಂತ ವಾಪಸ್ ಇಟ್ಟು ಹೋಗ್ತಾನೆ."

ದೂರದ್ದನ್ನು ಹತ್ತಿರ ತೋರಿಸುವ ಕ್ಯಾಮೆರಾವನ್ನಂತೂ ಕೆಲವರು ಫೋನಿನೊಳಗೆ ಅಡ್ಡಲಾಗಿ ಮಲಗಿಸಿಬಿಟ್ಟಿದ್ದಾರೆ, ಒಂದು ಗಾಜಿನ ತುಂಡು ಬೆಳಕನ್ನು ಪಕ್ಕಕ್ಕೆ ತಿರುಗಿಸಿ ಅದರ ಕಡೆಗೆ ಕಳಿಸುತ್ತದೆ ಎಂದೂ ಹೇಳಿದರು. ಇಷ್ಟೆಲ್ಲ ಸರ್ಕಸ್ಸು ಮಾಡಿದರೂ ಉಬ್ಬು ಉಬ್ಬೇ. ಕಂಪನಿಯವರು ಫೋನಿನ ದಪ್ಪ ಎಷ್ಟು ಎಂದು ಡಬ್ಬಿಯ ಮೇಲೆ ಬರೆಯುವಾಗ ಆ ಉಬ್ಬನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೊಟ್ಟೆ ಒಳಗೆ ಎಳೆದುಕೊಂಡು ದರ್ಜಿಗೆ ಅಳತೆ ಕೊಡುವ ಗಂಡಸರ ಬುದ್ಧಿ ಇದು. ಇಷ್ಟು ಹೇಳಿದ ಯಜಮಾನರು ತಮ್ಮ ಫೋನಿಗೆ ಕವರು ಹಾಕುವುದಿಲ್ಲ ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೇಳಿದರೆ ದಪ್ಪವಾಗುತ್ತದೆ ಎನ್ನುತ್ತಾರೆ.

ಹೀಗೆ ವರ್ಷ ವರ್ಷಕ್ಕೂ ಕ್ಯಾಮೆರಾ ಉಬ್ಬಿತು, ಅದರ ಜೊತೆಗೆ ತುಟಿಯಕ್ಕನ ತುಟಿಯೂ ಎತ್ತರವಾಯಿತು. ಆ ಕೆಲಸದಲ್ಲಿ ಅವಳದು ಎತ್ತಿದ ಕೈ. ಗಾಜಿಗಿಂತ ಒಂದು ಕೂದಲೆಳೆ ಮೇಲೆ, ಅದಕ್ಕಿಂತ ಹೆಚ್ಚಿಲ್ಲ, ಕಮ್ಮಿಯಿಲ್ಲ. ಬೆರಳ ತುದಿಯನ್ನು ಒಮ್ಮೆ ಸುತ್ತ ಆಡಿಸಿ ಸಾಕು ಎನ್ನುತ್ತಿದ್ದಳು. ಆದರೆ ಎದ್ದು ನಿಂತ ತುಟಿಯಿಂದ ಇನ್ನೊಂದು ಕಾಟವಿದೆ. ಕ್ಯಾಮೆರಾ ಇರುವುದು ಫೋನಿನ ಒಂದು ಮೂಲೆಯಲ್ಲಿ. ಫೋನನ್ನು ಮೇಜಿನ ಮೇಲಿಟ್ಟು ಇನ್ನೊಂದು ಮೂಲೆಯನ್ನು ಒತ್ತಿದರೆ ಅದು ಒಂದು ಕಾಲು ಗಿಡ್ಡವಾದ ಕುರ್ಚಿಯ ಹಾಗೆ ಲಟಕ್ಕೆಂದು ಆ ಕಡೆ ವಾಲುತ್ತದೆ, ಬಿಟ್ಟರೆ ಲಟಕ್ಕೆಂದು ಈ ಕಡೆ. ಫೋನನ್ನು ಕೈಯಲ್ಲಿ ಹಿಡಿದುಕೊಳ್ಳುವವರಿಗೆ ಇದು ಗೊತ್ತೇ ಆಗುವುದಿಲ್ಲ. ನಮಗೂ ಗೊತ್ತಿರಲಿಲ್ಲ, ಅವಳ ಗಂಡ ಹಾಸಿಗೆ ಹಿಡಿಯುವವರೆಗೆ.

ಅವಳ ಗಂಡನದು ಮನೆಯ ಹಿಂದಿನ ಬೀದಿಯಲ್ಲಿ ಕಟಿಂಗ್ ಅಂಗಡಿ. ಅವರನ್ನು ಬೀದಿಯವರು ಹರಟೆಯಣ್ಣ ಎನ್ನುತ್ತಿದ್ದರು. ಅಲ್ಲಿಗೆ ಕೂದಲು ಬೆಳೆಯದವರೂ ಹೋಗುತ್ತಿದ್ದರು, ಮಾತು ಕೇಳಲಿಕ್ಕೆ. ನಾನೂ ಕತ್ತರಿ ಹಿಡಿಯುವವಳೆಂದು ನನ್ನನ್ನು ಕಂಡರೆ ಅವರಿಗೆ ಸಲಿಗೆ. "ಏನಮ್ಮ ಕತ್ತರಿ, ಇವತ್ತು ಎಷ್ಟು ತುಟಿ ಕತ್ತರಿಸಿದೆ?" ಎಂದು ರಸ್ತೆಯಲ್ಲೇ ಕೂಗುತ್ತಿದ್ದರು. ಅಂಥವರಿಗೆ ಹೋದ ವರ್ಷ ಒಂದು ಬೆಳಗ್ಗೆ ಗಿರಾಕಿಯ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದಾಗಲೇ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ನಾಲಿಗೆಯೂ ಹೋಯಿತು. ಹೇಳಬೇಕಾದ ಮಾತು ತಲೆಯೊಳಗೆ ನೆಟ್ಟಗೇ ಇದೆ, ನಾಲಿಗೆ ಹೊರಳುವುದಿಲ್ಲ, ಅಷ್ಟೇ ಎಂದರು ಡಾಕ್ಟರು.

ಆಸ್ಪತ್ರೆಯಲ್ಲಿ ಒಬ್ಬ ಹುಡುಗಿ ಒಂದು ಉಪಾಯ ಹೇಳಿಕೊಟ್ಟಳು. ಫೋನಿನಲ್ಲಿ ಬೆರಳಿನಿಂದ ಅಕ್ಷರ ಒತ್ತಿದರೆ ಫೋನೇ ಅದನ್ನು ಗಟ್ಟಿಯಾಗಿ ಓದುತ್ತದೆ. ಒಳಗಿನ ದನಿ ಮಾತ್ರ ಬ್ಯಾಂಕಿನಿಂದ ಕರೆ ಮಾಡುವ ಹೆಣ್ಣಿನದು. ಇರಲಿ, ಮಾತು ಅವರದೇ ಅಲ್ಲವೇ ಎಂದು ತುಟಿಯಕ್ಕ ಖುಷಿಪಟ್ಟಳು. ಆದರೆ ಮನೆಗೆ ಬಂದ ಮೇಲೆ ತೊಂದರೆ ಶುರುವಾಯಿತು. ಎಡಗೈಯೂ ಸೋತಿತ್ತು, ಹೇಳಿದ ಹಾಗೆ ಕೇಳುತ್ತಿದ್ದದ್ದು ಅದರ ಒಂದು ಬೆರಳು ಮಾತ್ರ, ಅದೂ ನಡುಗುತ್ತಿತ್ತು. ಹಿಡಿದುಕೊಳ್ಳಲು ಇನ್ನೊಂದು ಕೈಯಿಲ್ಲ, ಫೋನು ಮೇಜಿನ ಮೇಲೆ ಇರಬೇಕು. ಬೆರಳು ಒತ್ತಿದ ಕೂಡಲೇ ಫೋನು ಲಟಕ್ಕೆಂದು ವಾಲುತ್ತಿತ್ತು, ಬೆರಳು ಪಕ್ಕದ ಅಕ್ಷರದ ಮೇಲೆ ಬೀಳುತ್ತಿತ್ತು. ಬ್ಯಾಂಕಿನ ಹೆಣ್ಣು ಯಾವುದೋ ಊರಿಲ್ಲದ ಭಾಷೆಯಲ್ಲಿ ಏನೇನೋ ಬಡಬಡಿಸುತ್ತಿದ್ದಳು. ಅವರು ಕಣ್ಣು ಮುಚ್ಚಿಕೊಂಡು ಮುಖವನ್ನು ಗೋಡೆಯ ಕಡೆ ತಿರುಗಿಸಿಬಿಡುತ್ತಿದ್ದರು.

ಕವರು ತೆಗೆದರೂ ಕ್ಯಾಮೆರಾದ ಉಬ್ಬು ಇದ್ದೇ ಇತ್ತು. ಅಡಿಯಲ್ಲಿ ಟವೆಲ್ ಹಾಕಿದರೆ ಫೋನು ಜಾರುತ್ತಿತ್ತು, ರಟ್ಟು ಮಡಿಸಿ ಇಟ್ಟರೆ ನಡುಗುವ ಕೈ ಅದನ್ನು ತಳ್ಳಿಬಿಡುತ್ತಿತ್ತು. ತುಟಿಯಕ್ಕ ಹಿಡಿದುಕೊಂಡರೆ ಒತ್ತಿದ ಕಡೆಗೆ ಅವಳ ಕೈಯೇ ಬಾಗುತ್ತಿತ್ತು. ಅಗಲದ ಟ್ಯಾಬ್ಲೆಟ್ಟನ್ನು ಆಸ್ಪತ್ರೆಯಲ್ಲೇ ನೋಡಿದ್ದಾಗಿತ್ತು, ಅವರ ಕೈ ಅಷ್ಟು ದೂರ ಹರಿಯುವುದಿಲ್ಲ. ಬೆನ್ನಿನ ಈ ಅಂಚಿನಿಂದ ಆ ಅಂಚಿನವರೆಗೆ ಅಡ್ಡಪಟ್ಟಿಯ ಹಾಗೆ ಕ್ಯಾಮೆರಾ ಇರುವ ಫೋನುಗಳೂ ಇವೆ, ಅವು ಅಲ್ಲಾಡುವುದಿಲ್ಲ, ಅವು ನಮ್ಮಂಥವರಿಗೆ ಎಟುಕುವವಲ್ಲ. ಕಡಿಮೆ ಬೆಲೆಯ ಫೋನಾದರೂ ಚಪ್ಪಟೆಯಾಗಿರಬಾರದೇ? ಅದಕ್ಕೂ ದೊಡ್ಡವರ ಹಾಗೆ ಕಾಣುವ ಆಸೆ. ಬೆನ್ನ ಮೇಲೆ ಬಳೆಯಷ್ಟು ದಪ್ಪದ ಮೂರು ಕ್ಯಾಮೆರಾ ಉಂಗುರ ಹೊತ್ತುಕೊಂಡಿರುತ್ತದೆ, ಅದರಲ್ಲಿ ಒಂದು ಬರೀ ತೋರಿಕೆಗೆ. ಫೋಟೋನೇ ತೆಗೆಯದ ಮನುಷ್ಯನೊಬ್ಬ ಆ ಉಂಗುರಗಳಿಂದಾಗಿ ಬಾಯಿ ಕಟ್ಟಿಕೊಂಡು ಕೂರಬೇಕಾಯಿತಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ತುಟಿಯಕ್ಕನಿಗೆ ಉರಿಯುವಷ್ಟು ಶಕ್ತಿಯೂ ಉಳಿದಿರಲಿಲ್ಲ. ಬೆಳಗ್ಗೆ ಎದ್ದು ಅವರನ್ನು ಮಗ್ಗುಲು ತಿರುಗಿಸಿ, ಒರೆಸಿ, ಬಟ್ಟೆ ಬದಲಿಸಿ, ಉಣಿಸಿ ಕೆಲಸಕ್ಕೆ ಓಡಿಬರಬೇಕು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮನೆಗೆ ಓಡಬೇಕು. ಮನೆ ಇರುವುದು ಮೂರನೇ ಮಹಡಿಯಲ್ಲಿ, ಲಿಫ್ಟಿಲ್ಲ. ಸಂಜೆ ಮತ್ತೆ ಅದೇ. ಮಕ್ಕಳಿಲ್ಲ. ನೋಡಿಕೊಳ್ಳಲು ಪಕ್ಕದ ಮನೆಯ ಅಜ್ಜಿ ಆಗಾಗ ಬಂದು ಕೂರುತ್ತಿದ್ದಳು, ಕೂತವಳು ಅವರಿಗಿಂತ ಮೊದಲೇ ಗೊರಕೆ ಹೊಡೆಯುತ್ತಿದ್ದಳು. ತುಟಿಯಕ್ಕ ಅಳತೆಯ ಕಡ್ಡಿ ಹಿಡಿದುಕೊಂಡೇ ತೂಕಡಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಭುಜ ಮುಟ್ಟಿದರೆ ಬೆಚ್ಚಿಬಿದ್ದು, "ಬಂದೆ, ಬಂದೆ," ಎನ್ನುತ್ತಿದ್ದಳು. ನಾನು ಯಾರೆಂದು ನೋಡುತ್ತಲೂ ಇರಲಿಲ್ಲ.

ಅಷ್ಟರಲ್ಲಿ ಹರಟೆಯಣ್ಣನ ಅಣ್ಣ ಹೆಂಡತಿಯನ್ನು ಕರೆದುಕೊಂಡು ಬಂದರು. ಅವರದು ರೈಲಿನಲ್ಲಿ ಒಂದು ಹಗಲಿನ ದಾರಿಯ ಊರು. ಪೈಪಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದು ನಿವೃತ್ತರಾದವರು, ನೆಲದ ಮೇಲಿನ ಮನೆ, ಕೈಗೆ ಬಂದ ಇಬ್ಬರು ಗಂಡುಮಕ್ಕಳು. ಕೆಟ್ಟವರೇನಲ್ಲ. ಕೆಟ್ಟವರಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು. ತಮ್ಮನನ್ನು ನೋಡಿ ಕಣ್ಣೊರೆಸಿಕೊಂಡರು, ಏನು ಬೇಕೋ ಎಂದು ಕೇಳಿದರು. ಹರಟೆಯಣ್ಣ ಬೆರಳು ಮುಂದೆ ತಂದರು. ಫೋನು ಅಲ್ಲಾಡಿತು, ಬ್ಯಾಂಕಿನ ಹೆಣ್ಣು ಬಡಬಡಿಸಿದಳು. ಅಣ್ಣನ ಮುಖ ಬಿಳಿಚಿಕೊಂಡಿತು.

"ಅವನಿಗೆ ತಲೆ ಕೆಟ್ಟಿದೆ ಕಣಮ್ಮ," ಎಂದರು ತುಟಿಯಕ್ಕನಿಗೆ. "ಡಾಕ್ಟರು ಏನಾದ್ರೂ ಹೇಳಲಿ. ನಾವು ಕರ್ಕೊಂಡು ಹೋಗ್ತೀವಿ. ಅಲ್ಲಿ ನಾಲ್ಕು ಜನ ಇದ್ದೀವಿ. ನೀನಿಲ್ಲಿ ಕೆಲಸ ನೋಡ್ಕೊ."

"ತಲೆ ಕೆಟ್ಟಿಲ್ಲ ಭಾವ. ಫೋನ್ ಅಲ್ಲಾಡುತ್ತೆ, ಅದಕ್ಕೇ ಹಾಗೆ."

"ಫೋನ್ ಎಲ್ಲಾದ್ರೂ ಅಲ್ಲಾಡುತ್ತೇನಮ್ಮ?"

ಅವಳು ಮೇಜಿನ ಮೇಲೆ ಫೋನು ಇಟ್ಟು ಒತ್ತಿ ತೋರಿಸಿದಳು. ಅವರು ಬಗ್ಗಿ ನೋಡಿದರು, ಪಾಪ, ಅವರಿಗೆ ಕಂಡದ್ದು ಹೆಂಡತಿಯೊಬ್ಬಳು ಮನಸ್ಸಿಗೆ ಹೇಳಿಕೊಳ್ಳುವ ಸಮಾಧಾನ ಮಾತ್ರ. ತುಟಿಯಕ್ಕನಿಗೆ ಭಯ ಹತ್ತಿತು. ಗಂಡ ಅಲ್ಲಿಗೆ ಹೋದರೆ ಇವಳು ಹಿಂದೆ ಹೋಗುವಂತಿಲ್ಲ, ಸಂಬಳ ಬಿಟ್ಟರೆ ಅವರ ಔಷಧಿಯೇ ನಿಲ್ಲುತ್ತದೆ. ಕೊನೆಗೆ ಅವಳೇ, "ಅವರನ್ನ ಕೇಳದೆ ಕರ್ಕೊಂಡು ಹೋಗಬೇಡಿ ಭಾವ. ಇದೊಂದು ಮಾತು ನಡೆಸಿಕೊಡಿ. ಅವರೇ ಬಾಯಿಬಿಟ್ಟು ಹೇಳಲಿ," ಎಂದಳು.

ಅಣ್ಣ ತಮ್ಮನ ಹಾಸಿಗೆಯ ಕಡೆ ತಿರುಗಿ ನೋಡಿದರು. "ಆಯ್ತು. ಮುಂದಿನ ತಿಂಗಳು ಬರ್ತೀನಿ. ನೆಟ್ಟಗೆ ಒಂದು ಮಾತು ಹೇಳಿದ್ರೆ ಅವನು ಹೇಳಿದ ಹಾಗೇ ಆಗಲಿ. ನಾನು ಎರಡು ಮಾತಾಡಲ್ಲ. ನೀನೂ ಆಡಬಾರದು."

"ಆಡಲ್ಲ," ಎಂದಳು ತುಟಿಯಕ್ಕ.

ಮರುದಿನ ಅವಳು ನೇರವಾಗಿ ಯಜಮಾನರ ಮುಂದೆ ಹೋಗಿ ನಿಂತಳು. ಒಂದೇ ಒಂದು ಕವರು ಮಾಡಿಕೊಳ್ಳುತ್ತೇನೆ, ಅದರ ಹಿಂಬದಿಯೆಲ್ಲ ಕ್ಯಾಮೆರಾದಷ್ಟೇ ದಪ್ಪ ಇರಬೇಕು, ಉಬ್ಬು ಅದರಲ್ಲಿ ಮುಳುಗಿಹೋಗಬೇಕು ಎಂದಳು. ಯಜಮಾನರು ಮುಖ ಗಂಟಿಕ್ಕಿದರು.

"ಅದನ್ನ ಯಾರು ತಗೋತಾರೆ? ಫೋನ್ ಕಂಬಳಿ ಹೊದ್ದುಕೊಂಡ ಹಾಗಿರುತ್ತೆ."

"ಮಾರೋದಕ್ಕಲ್ಲ ಸರ್. ಮನೆಗೆ."

ವಿಷಯ ಕೇಳಿದ ಮೇಲೆ ಅವರೇ ಎದ್ದು ಹೋಗಿ ಅಟ್ಟದ ಮೇಲಿಂದ ಎರಡು ಹಳೆಯ ಡಬ್ಬಿ ಇಳಿಸಿಕೊಟ್ಟರು. ಎರಡರಲ್ಲಿರುವ ದ್ರವವನ್ನು ಬೆರೆಸಿ ಅಚ್ಚಿಗೆ ಸುರಿದು ಬಿಟ್ಟರೆ ಮರುದಿನಕ್ಕೆ ಗಟ್ಟಿ ರಬ್ಬರಾಗುತ್ತದೆ, ಯಂತ್ರದ ಹಂಗಿಲ್ಲ. "ಅಟ್ಟ ಖಾಲಿಯಾಗುತ್ತೆ, ತಗೊಂಡು ಹೋಗು," ಎಂದು ಗದರಿದರು. ಅವರಿಗೆ ಒಳ್ಳೆಯವರೆನಿಸಿಕೊಳ್ಳಲು ನಾಚಿಕೆ.

ಚಹಾದ ಬಿಡುವೆನ್ನದೆ, ಮಧ್ಯಾಹ್ನ ಮನೆಗೆ ಓಡಿಹೋಗಿ ಬಂದು ಉಳಿದ ಗಳಿಗೆಯೆನ್ನದೆ, ಅವಳು ಸಿಕ್ಕ ಹೊತ್ತಿನಲ್ಲೆಲ್ಲ ಅದರಲ್ಲೇ ಮುಳುಗಿದಳು. ಫೋನಿನ ಆಕಾರದ ಡಮ್ಮಿ ಇಟ್ಟು, ಸುತ್ತ ಗೋಡೆ ಕಟ್ಟಿ, ಸುರಿದು, ಗಟ್ಟಿಯಾದ ಮೇಲೆ ಬಿಡಿಸಿ ತೆಗೆದಳು. ನಾನು ಅಂಚು ಕತ್ತರಿಸಿಕೊಟ್ಟೆ. ಫೋನಿಗೆ ಹಾಕಿ ಬೆಂಚಿನ ಮೇಲೆ ಇಟ್ಟು ನಾಲ್ಕೂ ಮೂಲೆ ಒತ್ತಿ ನೋಡಿದೆವು. ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಯಂತ್ರದವರೂ ಬಂದು ಒತ್ತಿ ನೋಡಿದರು. ತುಟಿಯಕ್ಕ ತಿಂಗಳುಗಟ್ಟಲೆ ಆದ ಮೇಲೆ ನಕ್ಕಳು. ನಗುವಾಗ ಅವಳಿಗೆ ಹಲ್ಲು ಮುಚ್ಚಿಕೊಳ್ಳುವ ಅಭ್ಯಾಸವಿತ್ತು ಎನ್ನುವುದೂ ನನಗೆ ಮರೆತುಹೋಗಿತ್ತು.

ಸಂಜೆ ಅವಳ ಜೊತೆ ನಾನೂ ಮನೆಗೆ ಹೋದೆ. ಹರಟೆಯಣ್ಣನನ್ನು ದಿಂಬಿಗೆ ಒರಗಿಸಿ, ಮೇಜು ಹತ್ತಿರಕ್ಕೆ ಎಳೆದು, ಫೋನು ಇಟ್ಟಳು. ಅವರು ಬೆರಳು ಒತ್ತಿದರು.

ಲಟಕ್.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅಲ್ಲಿ ನೆಟ್ಟಗೆ ಕೂತದ್ದು ಇಲ್ಲಿ ಯಾಕೆ ಕುಣಿಯುತ್ತದೆ? ತುಟಿಯಕ್ಕ ಫೋನನ್ನು ಎತ್ತಿ ಬೆರಳ ತುದಿಯನ್ನು ಕ್ಯಾಮೆರಾದ ಸುತ್ತ ಆಡಿಸಿದಳು. ಆಡಿಸುತ್ತ ಆಡಿಸುತ್ತ ಅವಳ ಮುಖ ಬಾಡಿಹೋಯಿತು. ಹಿಂಬದಿಯನ್ನೆಲ್ಲ ಕ್ಯಾಮೆರಾದ ಎತ್ತರಕ್ಕೆ ತುಂಬಿಸಿದ್ದಾಳೆ, ಸರಿ. ಅದಾದ ಮೇಲೆ ಕಿಂಡಿಯ ಸುತ್ತ ಒಂದು ಕೂದಲೆಳೆ ತುಟಿಯನ್ನೂ ಎಬ್ಬಿಸಿದ್ದಾಳೆ! ಯಾರೂ ಹೇಳಿರಲಿಲ್ಲ, ಅವಳೂ ಅಂದುಕೊಂಡಿರಲಿಲ್ಲ, ಕೈ ತನ್ನಷ್ಟಕ್ಕೆ ತಾನು ಮಾಡಿಬಿಟ್ಟಿತ್ತು. ಕಾರ್ಖಾನೆಯ ಬೆಂಚುಗಳ ಮೇಲೆ ಮಾದರಿಗಳಿಗೆ ಗೀರು ಬೀಳದಿರಲೆಂದು ಮೆತ್ತನೆಯ ರಬ್ಬರು ಹಾಸಿರುತ್ತದೆ. ಅಲ್ಲಿ ತುಟಿ ಹಾಸಿನೊಳಗೆ ಹೂತುಕೊಂಡು ನಮ್ಮನ್ನು ಏಮಾರಿಸಿತ್ತು. ಇಲ್ಲಿ ಗಟ್ಟಿ ಮರದ ಮೇಜು. ಇಷ್ಟು ವರ್ಷ ನಾವು ಕಳಿಸಿದ ಕವರುಗಳೆಲ್ಲ ಜನರ ಮನೆಯ ಮೇಜುಗಳ ಮೇಲೆ ಹೀಗೇ ಕುಣಿದಿವೆ, ನಾವು ರಬ್ಬರು ಹಾಸಿಕೊಂಡು ಕೂತಿದ್ದೆವು.

ಅವಳು ನೆಲದ ಮೇಲೆ ಕೂತುಬಿಟ್ಟಳು. "ನನ್ನ ಕೈಗೆ ಬೆಂಕಿ ಹಾಕ," ಎಂದಳು.

"ತುಟಿ ಕೊಯ್ದು ತೆಗೆದರೆ ಆಯ್ತಲ್ಲ ಅಕ್ಕ."

"ಗಾಜು ಮೇಜಿಗೆ ತಾಗುತ್ತೆ. ಉಜ್ಜಿ ಉಜ್ಜಿ ಹಾಳಾಗುತ್ತೆ."

"ಆಗಲಿ ಬಿಡು. ಫೋಟೋ ಯಾರು ತೆಗೀತಾರೆ ಇಲ್ಲಿ?"

ಇದು ಅವಳಿಗೂ ಗೊತ್ತಿದ್ದದ್ದೇ. ಆದರೂ ಅವಳ ಕೈ ಬ್ಲೇಡು ಹಿಡಿದುಕೊಂಡು ಸುಮ್ಮನೆ ನಿಂತಿತ್ತು. ನಾನು ಕೊಯ್ಯಲೇ ಎಂದರೆ ಬೇಡ ಎಂದಳು. ಆಮೇಲೆ ಕಿಂಡಿಯ ಸುತ್ತ ಬ್ಲೇಡು ಆಡಿಸಿ ಆ ಎದ್ದ ಅಂಚನ್ನು ದಾರದ ಹಾಗೆ ಒಂದೇ ಎಳೆಯಲ್ಲಿ ಬಿಡಿಸಿ ಎಳೆದಳು. ತುಟಿಯಿಲ್ಲದ ಕವರು ಅವಳ ಕೈಯಿಂದ ಬಂದದ್ದು ಅದೊಂದೇ ಇರಬೇಕು. ಫೋನು ಮೇಜಿನ ಮೇಲೆ ಗಾರೆ ಹಾಕಿ ಕೂರಿಸಿದ ಹಾಗೆ ಕೂತಿತು.

ಹರಟೆಯಣ್ಣ ಒಂದೊಂದೇ ಅಕ್ಷರ ಒತ್ತಿದರು. ಎಷ್ಟು ಹೊತ್ತು ಹಿಡಿಯಿತೆಂದರೆ ತುಟಿಯಕ್ಕ ಅಷ್ಟರಲ್ಲಿ ಅವರ ಪಾದ ಒತ್ತಿ ಮುಗಿಸಿದ್ದಳು. ಕೊನೆಗೆ ಬ್ಯಾಂಕಿನ ಹೆಣ್ಣು ಸ್ಪಷ್ಟವಾಗಿ ಹೇಳಿದಳು, "ಚಹಾದಲ್ಲಿ ಸಕ್ಕರೆ ಇಲ್ಲ. ಇಷ್ಟು ದಿನ ಸಪ್ಪೆ ನೀರು ಕುಡಿದೆ."

"ಡಾಕ್ಟರು ಬೇಡ ಅಂದಿದ್ದಾರೆ!" ಎಂದು ತುಟಿಯಕ್ಕ ರೇಗಿದಳು. ರೇಗಿದವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಹರಟೆಯಣ್ಣ ನನ್ನ ಕಡೆ ನೋಡಿದರು, ಬೆರಳು ಮತ್ತೆ ಹೊರಟಿತು. "ಕತ್ತರಿ, ನಿನ್ನ ತಲೆ ಯಾರು ಕತ್ತರಿಸಿದ್ದು? ಅವನ ಮೇಲೆ ಕೇಸು ಹಾಕು." ಅಳುತ್ತಿದ್ದವಳು ಹಲ್ಲು ಮುಚ್ಚಿಕೊಂಡು ನಕ್ಕಳು. ನಾನೂ ನಕ್ಕೆ, ನನ್ನ ಕೂದಲ ವಿಷಯ ನಿಜವೇ ಆಗಿತ್ತು.

ಆಮೇಲಿನ ದಿನಗಳಲ್ಲಿ ಅವರು ಬಿಟ್ಟೂ ಬಿಡದೆ ಮಾತಾಡಿದರು. ಪಕ್ಕದ ಮನೆಯ ಅಜ್ಜಿಯನ್ನು ಗೊರಕೆಯ ವಿಷಯಕ್ಕೆ ಕಾಡಿದರು. ಅಂಗಡಿಯ ಕುರ್ಚಿಗಳನ್ನು ಯಾರಿಗೆ ಕೊಡಬೇಕೆಂದು ಹೇಳಿದರು. ತುಟಿಯಕ್ಕನ ದಣಿವು ಕಡಿಮೆಯಾಗಿರಲಿಲ್ಲ, ಈಗ ಅವರ ಮಾತು ಕೇಳಲಿಕ್ಕೂ ಹೊತ್ತು ಬೇಕಲ್ಲ. ಆದರೆ ಧೈರ್ಯ ಬಂದಿತ್ತು. "ಭಾವ ಬರಲಿ. ಇವರೇ ಹೇಳ್ತಾರೆ," ಎನ್ನುತ್ತಿದ್ದಳು. ಏನು ಹೇಳುತ್ತೀರಿ ಎಂದು ಅವಳು ಗಂಡನನ್ನು ಒಮ್ಮೆಯೂ ಕೇಳಲಿಲ್ಲ. ಅದನ್ನು ಕೇಳಬೇಕಾದದ್ದು ಏನಿದೆ ಎಂದುಕೊಂಡಿದ್ದಳು, ನಾನೂ ಹಾಗೇ ಅಂದುಕೊಂಡಿದ್ದೆ.

ಅವರ ಅಣ್ಣ ಬಂದ ದಿನ ಅವಳು ನನ್ನನ್ನೂ ಕರೆದಳು, "ನಮ್ಮ ಕಡೆಗೆ ಒಬ್ಬರಾದ್ರೂ ಇರಲಿ" ಎಂದು. ಕೋಣೆಯಲ್ಲಿ ಎರಡೇ ಕುರ್ಚಿ. ಅಣ್ಣ ಒಂದರಲ್ಲಿ, ಓರಗಿತ್ತಿ ಇನ್ನೊಂದರಲ್ಲಿ, ನಾವಿಬ್ಬರು ಮಂಚದ ಕಾಲ ಬಳಿ. ಕಿಟಕಿಯ ಕೆಳಗೆ ಯಾರೋ ಗಾಡಿ ಶುರು ಮಾಡಲಾಗದೆ ಒದೆಯುತ್ತಿದ್ದರು. ತುಟಿಯಕ್ಕ ಮೇಜನ್ನು ಬಟ್ಟೆಯಿಂದ ಒರೆಸಿ ಫೋನು ಇಟ್ಟಳು. ಭಾವನ ಮುಂದೆ ನಾಲ್ಕೂ ಮೂಲೆಗಳನ್ನು ಒತ್ತಿ ತೋರಿಸಿದಳು.

"ನೋಡಿ ಭಾವ, ಅಲ್ಲಾಡಲ್ಲ."

ಅಣ್ಣ ತಾವೂ ಒತ್ತಿ ನೋಡಿದರು. ಪೈಪು ಜೋಡಿಸಿದ ಕೈಯಲ್ಲವೇ, ಒಪ್ಪಿಗೆಯಾಯಿತು. "ಸರಿ. ನೀನೇ ಹೇಳಪ್ಪ. ಇಲ್ಲೇ ಇರ್ತೀಯೋ, ನಮ್ಮ ಜೊತೆ ಬರ್ತೀಯೋ? ನೀನು ಹೇಳಿದ ಹಾಗೆ."

ಹರಟೆಯಣ್ಣ ಹೆಂಡತಿಯ ಮುಖ ನೋಡಲಿಲ್ಲ. ಫೋನನ್ನೇ ನೋಡುತ್ತ ಒಂದೊಂದೇ ಅಕ್ಷರ ಒತ್ತಿದರು. ತುಟಿಯಕ್ಕ ನನ್ನ ಕೈ ಹಿಡಿದುಕೊಂಡಿದ್ದಳು. ಬೆರಳು ನಿಂತಿತು.

"ಅಣ್ಣನ ಮನೆಗೆ ಹೋಗುತ್ತೇನೆ," ಎಂದಳು ಬ್ಯಾಂಕಿನ ಹೆಣ್ಣು. "ಇವಳಿಗೆ ಸುಸ್ತಾಗಿದೆ."

ಒಂದಕ್ಷರವೂ ಆಚೀಚೆ ಇರಲಿಲ್ಲ.

ತುಟಿಯಕ್ಕನಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ನನ್ನ ಕೈ ಬಿಟ್ಟು ಎದ್ದಳು. "ಬೆರಳು ಜಾರಿದೆ ಭಾವ. ಫೋನು ಅಲ್ಲಾಡಿತು. ರೀ, ತಪ್ಪಾಯ್ತು ಅಂತ ಹೇಳ್ರೀ. ಇನ್ನೊಂದ್ಸಲ ಒತ್ತಿ." "ನೀನೇ ಹೇಳೇ, ಅಲ್ಲಾಡಲಿಲ್ವಾ?" ಎಂದು ನನ್ನನ್ನು ಕೇಳಿದಳು.

ಅವಳ ಕಡೆಯವಳಾಗಿ ಹೋದ ನನ್ನ ಬಾಯಿಂದ ಹೂಂ ಎಂಬ ಒಂದು ಸುಳ್ಳು ಹೊರಡಲಿಲ್ಲ. ಅಷ್ಟು ಚೆನ್ನಾಗಿ ಕೂತಿತ್ತು ಆ ಹಾಳು ಫೋನು.

ಹರಟೆಯಣ್ಣ ಮತ್ತೆ ಒತ್ತಿದರು. ಈ ಸಲ ಚಿಕ್ಕದು. "ನೀನು ಮಲಗು."

ಅಣ್ಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತರು. ತಲೆ ಕೆಟ್ಟಿದೆ ಎಂದದ್ದು ಅವರಿಗೆ ನೆನಪಾಗಿರಬೇಕು. ತುಟಿಯಕ್ಕ ಗಂಡನಿಗೆ ಬೈದಳು. ಯಾರನ್ನ ಕೇಳಿ ಹೇಳಿದ್ರಿ, ನನಗೆ ಸುಸ್ತಾಗಿದೆ ಅಂತ ನಾನು ಹೇಳಿದ್ನಾ, ನಿಮಗೋಸ್ಕರ ತುಟಿ ಕೊಯ್ದೆನಲ್ಲ, ಇದನ್ನ ಕೇಳೋಕಾ ಕೊಯ್ದಿದ್ದು ಎಂದು ಬಾಯಿಗೆ ಬಂದ ಹಾಗೆ ಬೈದಳು. ಅವರು ಕೇಳಿಸಿಕೊಂಡರು. ಮಾತಿನಲ್ಲಿ ಯಾರಿಗೂ ಸೋಲದ ಮನುಷ್ಯ, ಬೆರಳನ್ನು ಮಡಚಿ ಎದೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೇಳಿಸಿಕೊಂಡರು. ಎರಡು ಮಾತಾಡುವುದಿಲ್ಲವೆಂದು ಅವಳು ಒಪ್ಪಿದ್ದಳು. ಯಾರೂ ಅದನ್ನು ನೆನಪಿಸಬೇಕಾಗಿ ಬರಲಿಲ್ಲ.

ಎರಡು ದಿನ ಬಿಟ್ಟು ಯಂತ್ರದವರು ನಾಲ್ವರು ಬಂದು ಅವರನ್ನು ಕುರ್ಚಿಯಲ್ಲಿ ಕೂರಿಸಿ ಮೂರು ಮಹಡಿ ಇಳಿಸಿದರು. ತಿರುವಿನಲ್ಲಿ ಕುರ್ಚಿ ಗೋಡೆಗೆ ತಾಗಿದಾಗಲೆಲ್ಲ ತುಟಿಯಕ್ಕ ಮೇಲಿನಿಂದ, "ಮೆಲ್ಲಗೆ, ಮೆಲ್ಲಗೆ," ಎನ್ನುತ್ತಿದ್ದಳು. ಬಟ್ಟೆ, ಔಷಧಿ, ಮೇಜು ಎಲ್ಲ ವ್ಯಾನಿಗೆ ಏರಿತು. ಆ ಮೇಜೇ ಬೇಕು, ಅಲ್ಲಿನ ಮೇಜು ಸಮತಟ್ಟಾಗಿದೆಯೋ ಇಲ್ಲವೋ ಎಂದು ಹಟ ಮಾಡಿ ಅವಳೇ ಹಾಕಿಸಿದ್ದು. ಅವರ ಅಂಗಿಯ ಜೇಬಿನಲ್ಲಿ ದಪ್ಪ ಕವರಿನ ಫೋನು ಹಿಡಿಸದೆ ಅರ್ಧ ಹೊರಗೆ ನಿಂತಿತ್ತು. ವ್ಯಾನು ಹೋದ ಮೇಲೂ ಅವಳು ರಸ್ತೆಯಲ್ಲೇ ನಿಂತಿದ್ದಳು. ನಾನು ನಮ್ಮ ಮನೆಗೆ ಬಾ ಎಂದೆ. ಮನೆ ಗುಡಿಸಬೇಕು ಎಂದು ಮೆಟ್ಟಿಲು ಹತ್ತಿದಳು.

ಮರುದಿನ ಕಾರ್ಖಾನೆಯ ಗಂಟೆ ಹೊಡೆದು ಎಷ್ಟೋ ಹೊತ್ತಾದರೂ ಅವಳು ಬರಲಿಲ್ಲ. ಈ ಕೆಲಸಕ್ಕೆ ಸೇರಿದಾಗಿನಿಂದ, ಗಂಡ ಬಿದ್ದ ಮೇಲೂ ಒಂದು ದಿನವೂ ತಡ ಮಾಡಿದವಳಲ್ಲ. ಕತ್ತರಿ ಇಟ್ಟು ಹೊರಡಲಿಕ್ಕಿದ್ದೆ, ಅಷ್ಟರಲ್ಲಿ ಬಾಗಿಲಿನಲ್ಲಿ ಕಂಡಳು. ತಲೆ ಬಾಚಿರಲಿಲ್ಲ, ಕೆನ್ನೆಯ ಮೇಲೆ ದಿಂಬಿನ ಗೆರೆ ಹಾಗೇ ಇತ್ತು. ಯಜಮಾನರು ಅವಳನ್ನು ನೋಡಿ ಏನೂ ಕೇಳದೆ ಒಳಗೆ ಹೋದರು.

"ಏನಾಯ್ತು ಅಕ್ಕ? ಹುಷಾರಿಲ್ವಾ?"

ಅವಳು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಹೇಳಲು ನಾಚಿಕೆಪಡುವವಳ ಹಾಗೆ ತಲೆ ತಗ್ಗಿಸಿದಳು.

"ನಿದ್ದೆ ಬಂದುಬಿಡ್ತು ಕಣೇ," ಎಂದಳು. "ಅಲಾರಂ ಹೊಡೆದಿದ್ದೂ ಗೊತ್ತಾಗಿಲ್ಲ. ಅವರು ಹೋದ ದಿನಾನೇ ಸತ್ತವಳ ಹಾಗೆ ಮಲಗಿದ್ದೀನಿ. ಒಂದ್ಸಲ ಎಚ್ಚರ ಆಗಬಾರದಾ? ಒಂದೇ ಒಂದ್ಸಲ?"

ಹಣೆ ಹಣೆ ಚಚ್ಚಿಕೊಂಡಳು. ಅವಳ ಕೈ ಹಿಡಿದು ನಿಲ್ಲಿಸಿದೆ. ಹತ್ತಿರದಿಂದ ನೋಡಿದರೆ ಅವಳ ಕಣ್ಣಿನ ಕೆಳಗಿನ ಕಪ್ಪು ಅಷ್ಟರಲ್ಲೇ ಸ್ವಲ್ಪ ತಿಳಿಯಾಗಿತ್ತು. ಅದನ್ನು ನಾನು ಅವಳಿಗೆ ಹೇಳಲಿಲ್ಲ.